ದೊಡ್ಡವ್ವನ ರಕ್ತ

ಇಲ್ಲ ಎಂದು ಬಂದಿತ್ತು. ದೊಡ್ಡವ್ವನ ರಕ್ತದಲ್ಲಿ ಅದು ಇಲ್ಲ. ರಾಮದುರ್ಗದಲ್ಲಿ ಸುರೇಬಾನದ ಬಸ್ಸು ಹತ್ತಿದ ಮೇಲೂ ಭಾಗೀರಥಿ ಆ ಒಂದು ಮಾತನ್ನೇ ಬಾಯಲ್ಲಿ ಹೊರಳಿಸುತ್ತಿದ್ದಳು, ಬೇಗ ಕರಗಿಬಿಟ್ಟೀತೆಂಬ ಅಂಜಿಕೆಯಿಂದ.

ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ಅವಳ ಕೆಲಸ. ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಜೀನುಗಳಲ್ಲಿ ಎಲ್ಲೋ ಒಂದು ಸಣ್ಣ ಬದಲಾವಣೆ ಇರುತ್ತದೆ. ಅದರಿಂದ ಕ್ಯಾನ್ಸರ್ ಬಂದೀತೋ ಇಲ್ಲವೋ ಎಂದು ವಿಂಗಡಿಸಬೇಕು. ಅಪಾಯ, ಬಹುಶಃ ಅಪಾಯ, ಹೇಳಲಾಗದು, ಬಹುಶಃ ನಿರಪಾಯ, ನಿರಪಾಯ. ಜನರನ್ನೆಲ್ಲ ಐದು ಕಪಾಟಿಗೆ ತುಂಬುವ ನೌಕರಿ. ನಡುವಿನ ಕಪಾಟು ಯಾವಾಗಲೂ ತುಂಬಿ ತುಳುಕುತ್ತಿತ್ತು. ಅದಕ್ಕಾಗಿ ಅವಳ ನಿದ್ದೆ ಎಂದೂ ಕೆಟ್ಟಿರಲಿಲ್ಲ, ತನ್ನದೇ ರಕ್ತ ಬಂದು ಅದರಲ್ಲಿ ಕೂರುವ ತನಕ.

ಅವ್ವ ನಲವತ್ತು ತುಂಬುವ ಮೊದಲೇ ಹೊಟ್ಟೆ ಉಬ್ಬಿ, ಅಂಡಾಶಯದ ಕ್ಯಾನ್ಸರಿಗೆ ಹೋದಳು. ಭಾಗೀರಥಿಗೆ ಈಗ ಮೂವತ್ತೇಳು, ಮಕ್ಕಳಿಲ್ಲ. ಅಪಾಯವಾದರೆ ಅಂಡಾಶಯ ತೆಗೆಸಿಬಿಡಿ, ನಿರಪಾಯವಾದರೆ ತಡಮಾಡದೆ ಮಗುವಿನ ಯೋಚನೆ ಮಾಡಿ ಎಂದಿದ್ದರು ಡಾಕ್ಟರು. ನಿನಗೆ ಹೇಗೆ ಬೇಕೋ ಹಾಗೆ ಎಂದಿದ್ದ ಗಂಡ ಸುನೀಲ, ಟಿವಿಯ ದನಿ ತುಸು ತಗ್ಗಿಸಿ.

ದೊಡ್ಡವ್ವ ಸತ್ಯವ್ವನಿಗೂ ಎದೆಯ ಕ್ಯಾನ್ಸರ್ ಆಗಿತ್ತು. ಅದಕ್ಕೇ ಅವಳ ರಕ್ತ ಬೇಕಾದದ್ದು. ಅವ್ವನ ಅಕ್ಕನಿಗೂ ರೋಗ ಬಂದು, ಅವಳಲ್ಲೇ ಆ ಬದಲಾವಣೆ ಇಲ್ಲವೆಂದರೆ ತಪ್ಪು ಅದರದಲ್ಲ, ಕಪಾಟು ನಿರಪಾಯದ ಕಡೆಗೆ ಬದಲಾಗಬಹುದು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಕಾಣುವುದು ನಂಬರು ಮಾತ್ರ. ಅದು ಭಾಗೀರಥಿಯದೆಂದು ಕಡತ ನೋಡುವ ಅತೀಕನಿಗೂ ಗೊತ್ತಿರಲಿಲ್ಲ. ‘ಆ ಕಡೆ ಹೋಗೋದೈತಿ, ಆ ಮನೆತನದ ಸಂಬಂಧ ಕೇಳಿ ಖಾತ್ರಿ ಮಾಡತೇನಿ’ ಎಂದು ಅವನಿಗೆ ಹೇಳಿ ಬಂದಿದ್ದಳು.

“ಡಾಕ್ಟರಬಾಯಿ ಬಂದ್ಲು ನೋಡ!” ಕಟ್ಟೆಯ ಮೇಲಿಂದ ದೊಡ್ಡಪ್ಪ ಮಲಕಾಜಪ್ಪ ಕೂಗಿದ. “ಈ ಸಲ ನನ್ನ ರಕ್ತಾ ಹೀರಾಕೇನವಾ?”

“ನಿಮ್ಮದರಾಗ ರಕ್ತ ಎಲ್ಲೈತ್ರಿ, ಬರೇ ಚಾ ಐತಿ,” ಒಳಗಿನಿಂದ ಸತ್ಯವ್ವ.

ಭಾಗೀರಥಿ ಒಳಗೆ ಹೋಗಿ ಕುಳಿತಳು. “ದೊಡ್ಡವ್ವಾ, ನಿನ್ನ ರಕ್ತದಾಗ ಏನೂ ಇಲ್ಲ.”

“ಇಲ್ಲಂದ್ರ? ಹಂಗಾರ ಇದೆಲ್ಲಿಂದ ಬಂದಿತ್ತು?” ಸತ್ಯವ್ವ ಎದೆಯ ಬೋಳು ಭಾಗವನ್ನು ತಟ್ಟಿಕೊಂಡಳು.

“ಒಮ್ಮೊಮ್ಮೆ ಸುಮ್ನ ಬರತೈತಿ.”

“ಸುಮ್ನ ಬಂದದ್ದು ಸುಮ್ನ ಹೋಗ್ಲಿಲ್ಲಲ ಮತ್ತ.”

ಇಬ್ಬರೂ ನಕ್ಕರು. ಭಾಗೀರಥಿ ಬ್ಯಾಗಿನಿಂದ ಇಳಕಲ್ ಸೀರೆ ತೆಗೆದು ಕೊಟ್ಟಳು. ಸತ್ಯವ್ವ ಸೆರಗಿನ ಕೆಂಪನ್ನು ಸವರಿ ನೋಡಿ, ಉಡಲಿಲ್ಲ. ದೇವರ ಜಗಲಿಗೆ ಒಯ್ದಳು. ಅಲ್ಲಿ ಬೆಳ್ಳಿಯ ಒಂದು ಸಣ್ಣ ಹೆಣ್ಣು ಮುಖವಿತ್ತು. ಅದಕ್ಕೆ ಕುಂಕುಮ ಹಚ್ಚಿ, ಮುಂದೆ ಸೀರೆಯಿಟ್ಟು ಕೈ ಮುಗಿದಳು.

“ಅಕ್ಕಗ ಮೊದ್ಲ.”

“ಯಾವ ಅಕ್ಕ?”

“ಬಾಯವ್ವ. ನಿಮ್ಮ ದೊಡ್ಡಪ್ಪನ ಮೊದಲಿನಾಕಿ. ಆಕಿಗಿ ಏರಿಸದ ನಾ ಹೊಸಾದು ಉಟ್ಟಾಕೇ ಅಲ್ಲ.”

ಭಾಗೀರಥಿ ಬೆಳ್ಳಿಯ ಮುಖ ನೋಡಿದಳು. ಮೂಗು ಸವೆದಿತ್ತು. “ಆಕಿ ನಮ್ಮವ್ವಗ ಏನಾಗಬೇಕು?”

“ಏನಾಗಬೇಕಂದ್ರ? ಒಡಹುಟ್ಟಿದ ಅಕ್ಕ.”

“ಮತ್ತ ನೀ?”

“ನಾ ಕಟಕೋಳದಾಕಿ. ಆಕಿ ಸತ್ತ ಮ್ಯಾಲ ಬಂದೆ.”

ಹೊರಗೆ ದೊಡ್ಡಪ್ಪ ಯಾರನ್ನೋ ಬೈಯುತ್ತಿದ್ದ. ಅವನ ದನಿ ಬಹಳ ದೂರದಿಂದ ಬಂದಂತಿತ್ತು.

“ನಾ ಅವತ್ತ ಕೇಳಿದ್ನಲ್ಲ ದೊಡ್ಡವ್ವಾ, ನೀ ಅವ್ವನ ಅಕ್ಕ ಹೌದಲ್ಲ ಅಂತ?”

“ಹೌದ್ ಮತ್ತ! ನನ್ನ ಮದವ್ಯಾಗ ನಿಮ್ಮಜ್ಜ ಕೈ ಹಿಡಕೊಂಡು, ಹೋದ ಮಗಳು ತಿರುಗಿ ಬಂದ್ಲು ಅಂದ. ಅದ ನನ್ನ ತವರುಮನಿ ಆತು. ಎರಡೂ ಬಾಣಂತನ ಅಲ್ಲೇ. ನಿಮ್ಮವ್ವ ಸಾಯೂಮಟ ಅಕ್ಕಾ ಅಂತನ ಕರದ್ಲು. ಅಲ್ಲಂತ ಯಾವ ಬಾಯೀಲೆ ಅನ್ಲಿ?”

ಮನೆತನದ ನಕಾಶೆಯನ್ನು ಭಾಗೀರಥಿಯೇ ಬರೆದಿದ್ದಳು. ಅಜ್ಜನಿಂದ ಒಂದು ನೆಟ್ಟಗಿನ ಗೆರೆ ಎಳೆದು, ಅದರ ತುದಿಗೆ ಸತ್ಯವ್ವನನ್ನು ನಿಲ್ಲಿಸಿದ್ದಳು. ಅಜ್ಜ ಕೈ ಹಿಡಿದುಕೊಂಡದ್ದಕ್ಕೆ ಅವಳ ವಿಜ್ಞಾನದಲ್ಲಿ ಗುರುತು ಇರಲಿಲ್ಲ.

“ಬಾಯವ್ವ ಹೆಂಗ ಸತ್ಲು?”

“ಹೊಟ್ಟಿ ಉಬ್ಬಿತ್ತಂತ. ಬಸುರು ಅಂತ ತಿಳದು ಎಲ್ಲಾರೂ ಖುಷಿ ಆಗಿದ್ರಂತ, ಪಾಪ.” ಸತ್ಯವ್ವ ಅವಳ ಮುಖ ನೋಡಿದಳು. “ಯಾಕ ತಂಗಿ? ಏನರ ಕೆಡ್ತೇನು ನನ್ನಿಂದ?”

ಹೇಳಿಬಿಡಬಹುದಿತ್ತು. ಇಷ್ಟು ಹತ್ತಿರ ಕುಳಿತು ಇಷ್ಟು ಕಳವಳದಿಂದ ಬೇರೆ ಯಾರೂ ಕೇಳಿರಲಿಲ್ಲ.

“ಏನಿಲ್ಲ ಬಿಡು.”

ಊಟ ಮುಗಿಯುವಾಗ ಅತೀಕ ಫೋನು ಮಾಡಿದ. ಭಾಗೀರಥಿ ಎದ್ದು ಹಿತ್ತಲಿಗೆ ಹೋದಳು.

“ಮೇಡಂ, ಮೀಟಿಂಗ್ ಶುರು ಆಗತೈತ್ರಿ. ಆ ಮನೆತನದ್ದು ಖಾತ್ರಿ ಆತೇನ್ರಿ?”

ಹೂಂ ಎಂದರೆ ಸಾಕು. ಅತೀಕ ಅವಳನ್ನು ಒಂದು ಕಪಾಟು ಮುಂದೆ, ಬಹುಶಃ ನಿರಪಾಯಕ್ಕೆ, ಸರಿಸುತ್ತಾನೆ. ರಾತ್ರಿ ಸುನೀಲನಿಗೆ ಹೇಳಬಹುದು. ಅವನು ಟಿವಿ ಆರಿಸಿಯೇಬಿಡಬಹುದು. ಆದರೆ ಆಮೇಲೆ ಆ ಸುಳ್ಳನ್ನು ನಂಬಬೇಕಾದವಳು ಅವಳೊಬ್ಬಳೇ.

“ಆಕಿ ಒಡಹುಟ್ಟಿದಾಕಿ ಅಲ್ಲ ಅತೀಕ್. ಎರಡನೇ ಹೆಂಡತಿ. ಆ ರಕ್ತ ಲೆಕ್ಕಕ್ಕ ಹಿಡೀಬ್ಯಾಡ್ರಿ.”

“ಅರೆ! ಮೊದಲಿನಾಕಿ?”

“ಸತ್ತು ಬಾಳ ವರ್ಷ ಆತು.”

“ಹಂಗಾರ ಹೇಳಲಾಗದು ಅಂತನ ಬಿಡೂದೇನ್ರಿ?”

“ಬಿಡ್ರಿ.”

“ಪಾಪ, ಯಾರೋ ಏನೋ. ಕಾಯ್ಕೋತ ಕುಂತಿರ್ತಾರ.”

“ಇರ್ತಾರ,” ಎಂದಳು ಭಾಗೀರಥಿ.

ಹೊರಡುವಾಗ ಸತ್ಯವ್ವ ಬಿಡಲಿಲ್ಲ. ಹೊಸ ಸೀರೆ ಉಟ್ಟು ಬಂದು, ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ, ಕುಪ್ಪಸದ ಬಟ್ಟೆ. ಸೆರಗಿಲ್ಲದ್ದಕ್ಕೆ ಚೂಡಿದಾರದ ಓಢಣಿಯಲ್ಲೇ ಗಂಟು ಹಾಕಿದಳು. “ಮನಿ ಮುಟ್ಟೂಮಟ ಚೆಲ್ಲಬಾರ್ದು ನೋಡ. ಹೆಣ್ಣಮಕ್ಕಳ ಉಡಿ ಖಾಲಿ ಒಯ್ಯಬಾರ್ದು.”

ನುಣುಪು ಬಟ್ಟೆ, ಗಂಟು ನಿಲ್ಲಲಿಲ್ಲ. ಬಸ್ಸು ಊರು ದಾಟುವುದರೊಳಗೆ ಬಿಚ್ಚಿಕೊಂಡು ಅಕ್ಕಿಯೆಲ್ಲ ತೊಡೆಯ ಮೇಲೆ ಹರಡಿತು. ಅವಳು ಓಢಣಿಯ ಅಂಚುಗಳನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಹಾಗೆಯೇ ಕಬ್ಬಿನ ಹೊಲಗಳು ಹೋದವು. ಟಿಕೀಟಿಗೆ ಕೈ ಚಾಚಲಾಗದೆ, ಹಣ ಬ್ಯಾಗಿನಲ್ಲಿದೆ ತೆಗೆದುಕೊಳ್ಳಿ ಎಂದು ಕಂಡಕ್ಟರನಿಗೇ ಹೇಳಿದಳು.

ರಾಮದುರ್ಗದಲ್ಲಿ ಎಲ್ಲರೂ ಇಳಿದರು. ಡ್ರೈವರ ಎಂಜಿನ್ ಆರಿಸಿ ಹೋದ.

“ಇಳೀರಿ ಅಕ್ಕಾರ. ಇದು ಮುಂದ ಹೋಗಂಗಿಲ್ಲ,” ಕಂಡಕ್ಟರ ಬಾಗಿಲಿನಿಂದ ಹೇಳಿದ. ತುಸು ಕಾದ. “ಕರ್ಕೊಂಡು ಹೋಗಾಕ ಯಾರರ ಬರೋರದಾರೇನ್ರಿ?”

ಎದ್ದರೆ ಚೆಲ್ಲುತ್ತದೆ. ಭಾಗೀರಥಿ ಹೊಟ್ಟೆಗೆ ಒತ್ತಿಕೊಂಡ ಆ ಭಾರವನ್ನು ಎರಡೂ ತೋಳುಗಳಿಂದ ಬಳಸಿ ಹಿಡಿದು, ಖಾಲಿ ಬಸ್ಸಿನಲ್ಲಿ ಕುಳಿತೇ ಇದ್ದಳು.