ತೋಟದ ಹೆಂಗಸಿನ ಹಣೆ

ಶುಕ್ರವಾರದ ಕುಂಕುಮವನ್ನು ಚಿತ್ರದ ಹೆಂಗಸಿನ ಹಣೆಗೆ ಒತ್ತಿ ರುದ್ರಮ್ಮ ತಿರುಗಿದರೆ ಎದುರಿಗೆ ಸೊಸೆ. ಅತ್ತೆಯ ಕುಂಕುಮದ ಬೆರಳು ಸೆರಗಿನೊಳಗೆ ಹೋಯಿತು.

"ನೀನು ವಿಭೂತಿ ಇಟ್ಕೊ ಕಣವ್ವ. ಸಾಕು."

ನಂದಿತಾ ತಲೆಯಾಡಿಸಿದಳು. ತೀರಿಕೊಂಡ ಗಂಡನ ಶಿವಗಣಾರಾಧನೆ ನಿನ್ನೆಗೆ ಮುಗಿದಿತ್ತು. ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದರು. ಹಾಲಿನವನು ಎಂದಿನಂತೆ ಬೆಲ್ ಮಾಡಿದ್ದ.

ಚಿತ್ರ ಯಾವುದೋ ಫ್ರೆಂಚ್ ಕಲಾವಿದನ ಕೃತಿಯ ಹಳೆಯ ಅಚ್ಚು. ಹೂಗಿಡಗಳ ನಡುವೆ ಕೊಡೆ ಹಿಡಿದು ನಿಂತ ಬಿಳಿ ಉಡುಪಿನ ಹೆಂಗಸು. ಹತ್ತಿರ ಹೋದರೆ ಬರೀ ಬಣ್ಣದ ಗೀಟು. ದೂರ ನಿಂತರೆ ಬಿಸಿಲು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಗಂಡ ಬಸವಪ್ರಸಾದ್ ನಕಲು ಮಾಡಲೆಂದು ತನ್ನ ಗುರು ರಂಗಸ್ವಾಮಿಯವರಿಂದ ಎರವಲು ತಂದಿದ್ದ. "ಎಷ್ಟು ಹಾಯಾಗಿ ನಿಂತಿದ್ದಾಳೆ ನೋಡು. ಏನೂ ಕೇಳಲ್ಲ," ಎನ್ನುತ್ತಿದ್ದ. ಬರಿಹಣೆಯ ಹೆಂಗಸು ಗೋಡೆಯ ಮೇಲಿದ್ದರೂ ಮನೆಗೆ ಒಳ್ಳೆಯದಲ್ಲವೆಂದು ರುದ್ರಮ್ಮ ವಾರವಾರ ಕುಂಕುಮ ಇಡುತ್ತಿದ್ದರು. ಆಗ ಗಂಡ ಹೆಂಡತಿ ಇಬ್ಬರೂ ನಕ್ಕಿದ್ದರು.

ನಂದಿತಾ ಮೊಳೆಯಿಂದ ಚಿತ್ರ ಇಳಿಸಿದಳು.

"ಎಲ್ಗವ್ವ?"

"ನರಸೀಪುರಕ್ಕೆ. ಇದನ್ನ ಕೊಟ್ಟು ಬರ್ತೀನಿ."

"ಸುಕ್ರವಾರ ಮನೆ ಎಣ್ಣ ಆಚೆ ಕಳಿಸ್ಬಾರ್ದು ಕಣವ್ವ."

"ಯಾವ ಹೆಣ್ಣನ್ನ ಅತ್ತೆ?"

ರುದ್ರಮ್ಮ ಅಡುಗೆಮನೆಗೆ ಹೋದರು.

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲೇ ಸೀಟು ಸಿಕ್ಕಿತು. ಪಕ್ಕದ ಮುದುಕಿ ಚಿತ್ರ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಯಾವೂರ್ ದೇವ್ರವ್ವ?"

"ಗೊತ್ತಿಲ್ಲ."

ಮುದುಕಿ ಅವಳ ಹಣೆ ನೋಡಿದಳು. ಕಿಟಕಿಯ ಕಡೆ ಮುಖ ತಿರುಗಿಸಿದಳು.

ನರಸೀಪುರದ ತಮ್ಮ ಮನೆಯಲ್ಲಿ ರಂಗಸ್ವಾಮಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸತ್ತವನ ಬಗ್ಗೆ ಇನ್ನೂ ಒಂದು ಮಾತೂ ಆಡಿರಲಿಲ್ಲ.

"ಇದಕ್ಕೆ ಕುಂಕುಮ ಹಚ್ಚಿದ್ದು ಯಾರಮ್ಮ? ಎಂಎ ಓದಿದೋಳು ಮನೇಲಿದ್ದೂ..."

"ಇರಲಿ ಬಿಡಿ ಸಾರ್."

"ಇರಲಿ ಅಂದ್ರೆ? ಚಿತ್ರ ಕೆಟ್ಟೋಗುತ್ತೆ."

ಒದ್ದೆ ಬಟ್ಟೆ ತಂದು ಉಜ್ಜಿದರು. ಗಾಜಿಲ್ಲದ ಕಾಗದ. ಕುಂಕುಮ ಬಿಟ್ಟಿತು. ಅದರ ಜೊತೆ ಹಣೆ, ಕಣ್ಣು, ಬಾಯಿ.

ಅವರು ಚಿತ್ರವನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದರು.

"ಪರವಾಗಿಲ್ಲ. ಈ ಥರದ್ರಲ್ಲಿ ಮುಖ ಮುಖ್ಯ ಅಲ್ಲಮ್ಮ. ಬೆಳಕು."

"ಮುಖ ಮುಖ್ಯ ಅಲ್ದಿದ್ರೆ ಉಜ್ಜಿದ್ದು ಯಾಕೆ ಸಾರ್?"

"ಕಾಫಿ ಕುಡೀತೀಯಾ?"

ಉತ್ತರಕ್ಕೆ ಕಾಯದೆ ಅವರು ಚಿತ್ರವನ್ನು ಅದರ ಹಳೆಯ ಮೊಳೆಗೆ ತೂಗುಹಾಕಿ, ವಾಲಿದ್ದನ್ನು ಸರಿಮಾಡಿದರು. ಒದ್ದೆ ಬಟ್ಟೆ ಕಿಟಕಿಯ ಸರಳಿನ ಮೇಲೆ ಕೆಂಪಗೆ ತೊಟ್ಟಿಕ್ಕುತ್ತಿತ್ತು.

ನಂದಿತಾ ದೂರ ನಿಂತು ನೋಡಿದಳು. ಹೂಗಳು ಒಂದೂ ಅಳಿಸಿರಲಿಲ್ಲ. ಕೊಡೆ ಇತ್ತು, ಅದನ್ನು ಹಿಡಿದ ಕೈ ಇತ್ತು. ಕೊಡೆಯ ಕೆಳಗೆ, ಮುಖವಿದ್ದಲ್ಲಿ, ಪದರೆದ್ದ ಬಿಳಿ ಕಾಗದ. ಹುಲ್ಲಿನ ಮೇಲೆ ಮಾತ್ರ ಆ ಹೆಂಗಸಿನ ನೆರಳು, ತಲೆಯ ಸಮೇತ, ಹಾಗೇ ಬಿದ್ದಿತ್ತು.