ತ್ರಿವಿಕ್ರಮನ ಒಳಗೆ ಹೋದದ್ದೆಷ್ಟು

೧೯೬೪ರಲ್ಲಿ ಹೆಬ್ಬಾಳದ ಪ್ರಯೋಗಾಲಯವೊಂದರಲ್ಲಿ ಮೇಕೆಗಳ ಥೈರಾಯ್ಡ್ ಗ್ರಂಥಿಯ ಸಂಶೋಧನೆ ನಡೆಯುತ್ತಿತ್ತು. ಅದಕ್ಕೆ ವಿಕಿರಣಶೀಲ ಅಯೋಡಿನ್ ಅಳೆದು ಕೊಡುವುದು ತ್ರಿವಿಕ್ರಮನ ಕೆಲಸ. ದ್ರವ ಅಳೆಯುವ ಗಾಜಿನ ಕೊಳವೆ, ಪಿಪೆಟ್ಟನ್ನು ಬಾಯಿಂದ ಎಳೆಯಬಾರದೆಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದವನೂ ಅವನೇ. ಒಂದು ಬುಧವಾರ ಅದಕ್ಕೆ ಸಿಕ್ಕಿಸಿ ಎಳೆಯುವ ರಬ್ಬರ್ ಬಲ್ಬು ಸಿಗಲಿಲ್ಲವೆಂದು ತಾನೇ ಬಾಯಿಟ್ಟ. ಎರಡು ಹನಿ ಗಂಟಲಿಗಿಳಿಯಿತು.

ಅವನಿಗೆ ತಗುಲಿದ ವಿಕಿರಣವನ್ನು ಅಂದಾಜು ಮಾಡುವ ಹೊಣೆ ಸಹೋದ್ಯೋಗಿ ಕೃಷ್ಣವೇಣಿಗೆ ಬಂತು. ಅವಳು ದೊಡ್ಡ ಬಾಟಲಿಯೊಂದನ್ನು ಕೊಟ್ಟಳು.

"ನಾಳೆ ಇಷ್ಟು ಹೊತ್ತಿನವರೆಗೂ ಮೂತ್ರ ಎಲ್ಲಾ ಇದರಲ್ಲೇ. ಒಂದು ಹನೀನೂ ಹೊರಗೆ ಹೋಗ್ಬಾರ್ದು."

"ನನಗೆ ಹೇಳ್ಬೇಕಾ ಮೇಡಂ? ಇಲ್ಲಿನ ನಿಯಮ ಬರೆದೋನೇ ನಾನು."

"ಅದಕ್ಕೇ ಹೇಳ್ತಿರೋದು."

ಮರುದಿನ ಬಾಟಲಿ ತುಂಬಿಯೇ ಬಂತು. ಒಳಹೊಕ್ಕ ಅಯೋಡಿನ್ನಿನಲ್ಲಿ ಸುಮಾರು ಮೂರನೇ ಒಂದು ಪಾಲು ಕುತ್ತಿಗೆಯ ಗ್ರಂಥಿಯಲ್ಲಿ ನಿಲ್ಲುತ್ತದೆ, ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ಕೃಷ್ಣವೇಣಿ ಕುತ್ತಿಗೆಗೆ ವಿಕಿರಣ ಎಣಿಸುವ ಯಂತ್ರ ಹಿಡಿದು ಅಳೆದಳು, ಬಾಟಲಿಯನ್ನೂ ಅಳೆದಳು. ಬಾಟಲಿಯಲ್ಲಿ ಇರಬೇಕಾದ ಅಯೋಡಿನ್ನಿನಲ್ಲಿ ಅರ್ಧವೂ ಇರಲಿಲ್ಲ.

"ತ್ರಿವಿಕ್ರಮರೇ, ಉಳಿದದ್ದು ಎಲ್ಲಿ?"

ಅವನು ಕಿಟಕಿಯ ಕಡೆ ನೋಡಿದ. "ಸಂಜೆ ಯಲಹಂಕದಲ್ಲಿ ನಾದಿನಿ ನಿಶ್ಚಿತಾರ್ಥ ಇತ್ತು. ಬೀಗರ ಮುಂದೆ ಚೀಲದಿಂದ ಬಾಟ್ಲಿ ತೆಗೆಯೋದು ಹೆಂಗೆ ಹೇಳಿ? ಹಿತ್ತಿಲಿಗೆ ಹೋಗ್ಬಿಟ್ಟೆ."

"ಎಷ್ಟು ಸಲ?"

"ಎರಡು. ಮಜ್ಜಿಗೆ ಚೆನ್ನಾಗಿತ್ತು... ಮೂರು."

"ಮತ್ತೆ ಬಾಟ್ಲಿ ತುಂಬಿದೆಯಲ್ಲ?"

"ನಲ್ಲಿ ನೀರು," ಎಂದ, ಕೇಳಿಸದಷ್ಟು ಮೆಲ್ಲಗೆ.

"ಹಿತ್ತಿಲಲ್ಲಿ ಏನಿತ್ತು?"

"ಹೀರೇಕಾಯಿ ಬಳ್ಳಿ."

"ಪಾಪ, ಅದರ ಕುತ್ತಿಗೆ ಎಲ್ಲಿ ಅಂತ ಹುಡುಕಿ ಅಳೀಲಿ ನಾನು?"

ತ್ರಿವಿಕ್ರಮ ನಕ್ಕ. ಆಮೇಲೆ ನಗು ನಿಂತುಹೋಯಿತು. "ನಿಜ ಹೇಳಿ. ನನಗೇನಾದ್ರೂ ಆಗುತ್ತಾ? ಮಗಳಿಗಿನ್ನೂ ಮೂರು ವರ್ಷ."

ಕೃಷ್ಣವೇಣಿ ತಮಾಷೆ ಬಿಟ್ಟು ಕುರ್ಚಿ ಹತ್ತಿರಕ್ಕೆಳೆದುಕೊಂಡಳು. "ಗಾಬರಿ ಬೇಡ. ಆದ್ರೆ ಊಹೆ ಮಾಡಿ ಸಮಾಧಾನ ಹೇಳಲ್ಲ. ದಿನಾ ಅಳೆಯೋಣ."

ಅಂದಿನಿಂದ ಪ್ರತಿ ಬೆಳಿಗ್ಗೆ ಅವನು ಕತ್ತೆತ್ತಿ ಕೂತ. ಬಾಟಲಿಯನ್ನು ಹನಿ ಬಿಡದೆ ತಂದ. ವಾರದಲ್ಲಿ ಯಂತ್ರದ ಎಣಿಕೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಹತ್ತನೆಯ ದಿನ ಕೃಷ್ಣವೇಣಿ ಲೆಕ್ಕ ಮುಗಿಸಿದಳು.

"ವರ್ಷಕ್ಕೆ ಒಪ್ಪಿರೋ ಮಿತೀಲಿ ಹತ್ತನೇ ಒಂದು ಪಾಲೂ ಇಲ್ಲ. ನಿಶ್ಚಿಂತೆಯಾಗಿರಿ."

ತ್ರಿವಿಕ್ರಮ ದೊಡ್ಡದಾಗಿ ಉಸಿರುಬಿಟ್ಟ. ಮರುಗಳಿಗೆ ಮುಖ ಸಣ್ಣಗಾಯಿತು. "ಅಷ್ಟೇನಾ?"

"ಯಾಕೆ, ಸಾಲ್ದಾ?"

"ಅಯ್ಯೋ, ಹಂಗಲ್ಲ. ನನಗೇನೋ ಆಗಿಬಿಡುತ್ತೆ ಅಂತ ನನ್ನ ಹೆಂಡ್ತಿ ಅಲಮೇಲು ದಿನಾ ರಾತ್ರಿ ಬಾದಾಮಿ ಹಾಲು ಮಾಡಿ ಕೊಡ್ತಿದ್ಲು. ಇನ್ನು ಅದೂ ಇಲ್ಲ."

"ವರದಿ ನಾನು ಕೊಡ್ತೀನಿ. ಹೆಂಡ್ತಿಗೆ ಹೇಳೋದು ನಿಮಗೆ ಬಿಟ್ಟಿದ್ದು."

ಅವನು ಅಂದೇ ಸಂಜೆ ಹೇಳಿದ. ಅಲಮೇಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದುಹೋಗಿ, ಅವನಿಗೆಂದು ಕಾಯಿಸಿಟ್ಟಿದ್ದ ಬಾದಾಮಿ ಹಾಲನ್ನು ಮಗಳಿಗೆ ಕುಡಿಸಿದಳು.