ಹೊಡೆದುಹಾಕು ಆಂಟಿ

ಅಮ್ಮನಿಗೆ ಗಣಿತ ಪರೀಕ್ಷೆ ಕಟ್ಟುವ ಹುಚ್ಚು ಹತ್ತಿದ್ದು ಮಗಳು ಶಾಲೆಯ ಕೊನೆಯ ವರ್ಷಕ್ಕೆ, ಹನ್ನೆರಡನೆಯ ತರಗತಿಗೆ, ಬಂದಾಗಲೇ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಒಗೆದು, ಮಡಿಸಿ, ವಾರ್ಡುಗಳಿಗೆ ಕಳಿಸುವುದು ಅಮ್ಮನ ಕೆಲಸ. ಅಲ್ಲಿನ ನೌಕರರಲ್ಲೇ ಕೆಲವರನ್ನು ಆರಿಸಿ ಲ್ಯಾಬಿನ ತರಬೇತಿ ಕೊಡುತ್ತಾರೆಂದು ನೋಟಿಸು ಬಂತು. ಆದರೆ ಶಾಲೆಯ ಕೊನೆಯ ಹಂತದ ಗಣಿತ ಪಾಸಾಗಿರಬೇಕು. ಅಮ್ಮ ಓದು ಬಿಟ್ಟದ್ದು ಸರಿಯಾಗಿ ಅಲ್ಲಿಗೇ.

"ಕಟ್ಟೇ ಬಿಡ್ತೀನಿ ಕಣೇ ಪುಟ್ಟಿ," ಎಂದಳು. ಅಪ್ಪ ಪೇಪರು ಕೆಳಗಿಳಿಸಿ, "ಮನೇಲಿ ಇಬ್ಬರು ಪರೀಕ್ಷೆಗೆ ಕೂತರೆ ಅಡುಗೆಮನೆಗೆ ನಾನೇ ಹೆಡ್‌ಮಾಸ್ಟರು," ಎಂದು ನಕ್ಕ.

ಮಗಳಿಗೆ ನಗು ಬರಲಿಲ್ಲ. ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೂ ಪಾಠ ನಡೆಯುವುದು ತನ್ನ ಶಾಲೆಯಲ್ಲೇ, ಸಂಜೆ, ತನ್ನದೇ ತರಗತಿಯ ಜೊತೆಗೆ ಎಂದು ಅವಳಿಗೆ ಗೊತ್ತಿತ್ತು. ಮುಖ ಸಣ್ಣಗಾದದ್ದನ್ನು ಅಮ್ಮ ನೋಡಿದಳು.

"ಕ್ಲಾಸಲ್ಲಿ ನಾನು ನಿನ್ನ ಅಮ್ಮ ಅಲ್ಲ, ಆಯ್ತಾ? ಬೇರೆ ಬೇರೆ ಹೋಗೋಣ, ಬೇರೆ ಬೇರೆ ಬರೋಣ. ನಿಂಗೆ ಮುಜುಗರ ಬೇಡ."

ಅಯ್ಯೋ, ಹಾಗೇನಿಲ್ಲಮ್ಮ ಎನ್ನಬೇಕಿತ್ತು. ಮಗಳು ನೀರಿನ ಲೋಟ ಎತ್ತಿಕೊಂಡು ಕುಡಿಯತೊಡಗಿದಳು.

ಮೊದಮೊದಲು ಎಲ್ಲ ಸಲೀಸಾಗಿಯೇ ನಡೆಯಿತು. ಅಮ್ಮ ಮುಂದಿನ ಬೆಂಚಿನ ತುದಿಯಲ್ಲಿ, ಸೋಪಿನಿಂದ ಒಡೆದ ಬೆರಳುಗಳಲ್ಲಿ ಪೆನ್ನು ಬಿಗಿಹಿಡಿದು ಕೂರುತ್ತಿದ್ದಳು. ಮಗಳು ಹಿಂದೆ, ಗೆಳತಿ ಪಟಾಕಿಯ ಪಕ್ಕದಲ್ಲಿ. ಸಣ್ಣ ಮಾತಿಗೂ ಸಿಡಿದು ನಗುತ್ತಿದ್ದ ಆ ಹುಡುಗಿಗೆ ಶಾಲೆಯಲ್ಲೆಲ್ಲ ಅದೇ ಹೆಸರು. ಗಣಿತದ ಮೇಷ್ಟ್ರನ್ನು ತ್ರಿಕೋನದ ಹಾಗಿದ್ದ ಮೀಸೆಯ ದೆಸೆಯಿಂದ ಡೆಲ್ಟಾ ಎನ್ನುತ್ತಿದ್ದರು.

ಆ ಸಂಜೆ ಡೆಲ್ಟಾ ಮೇಷ್ಟ್ರು ಬೋರ್ಡಿನ ಮೇಲೆ ಡಿವೈ ಎಂದು ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಡಿಎಕ್ಸ್ ಎಂದು ಬರೆದರು. ಅಮ್ಮ ಕೈ ಎತ್ತಿದಳು.

"ಸರ್, ಮೇಲೂ ಡಿ ಇದೆ, ಕೆಳಗೂ ಡಿ ಇದೆ. ಎರಡನ್ನೂ ಹೊಡೆದುಹಾಕಬಾರದಾ?"

ಆ ಡಿ ಬಿಡಿ ಅಕ್ಷರವಲ್ಲ, ಪಕ್ಕದ ಅಕ್ಷರದ ಜೊತೆ ಸೇರಿ ಒಂದೇ ಚಿಹ್ನೆ ಎಂದು ಉಳಿದವರಿಗೆಲ್ಲ ಗೊತ್ತಿತ್ತು. ಮೇಷ್ಟ್ರ ಮೀಸೆ ಅಲುಗಿತು. ಪಟಾಕಿ ಸಿಡಿದಳು. ಕೋಣೆಯೆಲ್ಲ ಗೊಳ್ಳೆಂದಿತು. ಆ ಗದ್ದಲದಲ್ಲಿ ಮಗಳ ಬಾಯಿಂದ ಮಾತು ತಾನಾಗಿ ಜಾರಿತು: "ಡಿ ಹೊಡೆದುಹಾಕಿದ್ರೆ ಹೋಗಲಿ ಸರ್, ಪಾಸಾಗೋ ಆಸೇನೂ ಹೊಡೆದುಹಾಕಬೇಕಾಗುತ್ತೆ!"

ನಗು ಇಮ್ಮಡಿಯಾಯಿತು. ಪಟಾಕಿ ಮೇಜು ಗುದ್ದಿದಳು. ಆ ಗಳಿಗೆಯಲ್ಲಿ ಮಗಳಿಗೆ, ನಿಜ ಹೇಳಬೇಕೆಂದರೆ, ಹಿತವೇ ಆಯಿತು. ಅಷ್ಟರಲ್ಲಿ ಅಮ್ಮ ಹಿಂತಿರುಗಿ ನೋಡಿದಳು. ದನಿ ಯಾರದೆಂದು ಅವಳು ಹುಡುಕಬೇಕಾಗಿರಲಿಲ್ಲ. ಕಣ್ಣು ನೆಟ್ಟಗೆ ಮಗಳ ಮೇಲೆ ಬಂದು ನಿಂತಿತು. ಆಮೇಲೆ ಅಮ್ಮನೂ ಎಲ್ಲರ ಜೊತೆ ನಕ್ಕಳು. ಮಗಳ ಕಿವಿ ಕಾದು ಕೆಂಪಾಯಿತು.

ಮನೆಯಲ್ಲಿ ಬೈಗುಳಕ್ಕೆ ಕಾದು ಕೂತಳು. ಬೈದಿದ್ದರೆ ಹಗುರಾಗುತ್ತಿತ್ತು. ಅಮ್ಮ ಊಟ ಬಡಿಸಿದಳು. "ಏನು ಕಲಿತ್ರಿ ಇವತ್ತು?" ಎಂದು ಅಪ್ಪ ಕೇಳಿದ್ದಕ್ಕೆ, "ಡಿ ಹೊಡೆದುಹಾಕಬಾರದು ಅಂತ," ಎಂದಳು. ತಟ್ಟೆ ಎತ್ತುವಾಗ, "ನಾಳೆಯಿಂದ ನಂಗೆ ಸಂಜೆ ಪಾಳಿ. ಕ್ಲಾಸಿಗೆ ಆಗಲ್ಲ," ಎಂದೂ ಸೇರಿಸಿದಳು.

ಮಾರನೆಯ ಸಂಜೆ ಬೆಂಚಿನ ತುದಿ ಖಾಲಿ. "ಎಲ್ಲೇ ನಮ್ಮ ಹೊಡೆದುಹಾಕು ಆಂಟಿ?" ಎಂದಳು ಪಟಾಕಿ. ಹೆಸರು ಆಗಲೇ ಅಂಟಿಕೊಂಡಿತ್ತು. ಮೇಷ್ಟ್ರು, "ಆ ಅಮ್ಮ ಯಾಕೆ ಬಂದಿಲ್ಲ? ಯಾರಿಗಾದರೂ ಪರಿಚಯ ಇದೆಯಾ?" ಎಂದು ಕೇಳಿದರು. ಮಗಳು ತಲೆ ತಗ್ಗಿಸಿ ಪುಸ್ತಕದ ಹಾಳೆ ಮಗುಚಿದಳು. ನಿನ್ನೆಯದು ಬಾಯಿ ತಪ್ಪಿ ಬಂದ ಮಾತು ಎನ್ನಬಹುದಿತ್ತು. ಇವತ್ತಿನ ಈ ಮೌನಕ್ಕೆ ಏನೆನ್ನುವುದು?

ಪಾಠ ಮುಗಿಯುವ ತನಕ ಕೂರಲಾಗಲಿಲ್ಲ. ಆಸ್ಪತ್ರೆಯ ಹಿಂಬಾಗಿಲಿನಿಂದ ಬಟ್ಟೆ ಕೋಣೆಗೆ ಹೋದಳು. ಯಂತ್ರಗಳ ಗಡಗಡ, ಒದ್ದೆ ಬಿಸಿ, ಔಷಧಿಯ ವಾಸನೆ. ಬಾಗಿಲ ಬಳಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು ಅವಳನ್ನು ಕಂಡು ಮುಖ ಅರಳಿಸಿದಳು.

"ನೀನೇ ಏನಮ್ಮಾ ಮಗಳು? ನಿನ್ನ ವಿಷಯ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ. 'ಪಕ್ಕದಲ್ಲೇ ಕೂರಿಸ್ಕೊಂಡು ಹೇಳ್ಕೊಡ್ತಾಳೆ ನನ್ನ ಮಗಳು' ಅಂತಾಳೆ. ಪುಣ್ಯವಂತೆ ಬಿಡು ನಿಮ್ಮಮ್ಮ! ಸಂಜೆ ಪಾಳಿ ಬೇಡ ಅಂತ ಕಾಡಿ ಬೇಡಿ ನನ್ನ ಹತ್ರ ಬದಲಾಯಿಸ್ಕೊಂಡಿದ್ಳು. ಇವತ್ತು ಯಾಕೋ ವಾಪಸು ಬಂದು ಕೂತಿದ್ದಾಳೆ, ನನ್ನನ್ನ ಮನೆಗೆ ಹೋಗು ಅಂತಾಳೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಮಗಳಿಗೆ.

ಅಮ್ಮ ಒಳಗೆ ಒಬ್ಬಳೇ ದೊಡ್ಡ ಹೊದಿಕೆಯೊಂದನ್ನು ಮಡಿಸಲು ಹೆಣಗುತ್ತಿದ್ದಳು. ಮಗಳು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಹತ್ತಿರ ಬಂದರು, ದೂರ ಸರಿದರು, ಮತ್ತೆ ಹತ್ತಿರ ಬಂದರು.

"ನಾಳೆ ಬಾಮ್ಮ."

"ಹೋಗ್ಲಿ ಬಿಡೇ. ಎಲ್ಲರೂ ನಗುವಾಗ ನೀನೊಬ್ಬಳೇ ಸುಮ್ಮನೆ ಕೂತಿದ್ರೆ ಅವರಿಗೆ ಅನುಮಾನ ಬರ್ತಿತ್ತು."

"ಹಾಗೆ ಹೇಳಬೇಡಮ್ಮ."

ಅಮ್ಮ ಮಡಿಕೆಯ ಮೇಲೆ ಅಂಗೈ ಉಜ್ಜಿದಳು. "ನಕ್ಕಿದ್ದಕ್ಕೆ ಬಿಟ್ಟಿದ್ದಲ್ಲ. ನನ್ನ ಕೈಲಿ ಏನು ಆಗುತ್ತೆ, ಏನು ಆಗಲ್ಲ ಅಂತ ನಿಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೇ ಹಾಗಂದ ಮೇಲೆ ಅದೇ ನಿಜ ಇರಬೇಕು ಅನ್ನಿಸ್ತು."

ಮರುದಿನ ಮೇಷ್ಟ್ರು ಒಳಗೆ ಬರುತ್ತಲೇ ಮಗಳು ಎದ್ದು ನಿಂತಳು. "ಸರ್, ಮೊನ್ನೆ ಡಿ ಬಗ್ಗೆ ಕೇಳಿದ್ರಲ್ಲ, ಅವರು ನಮ್ಮಮ್ಮ." ಹೇಳಿಬಿಟ್ಟರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ಪಟಾಕಿ ಅವಳ ಮುಖವನ್ನು ಹೊಸಬಳನ್ನು ನೋಡುವಂತೆ ನೋಡಿ, "ನಿಮ್ಮಮ್ಮಂಗೇ ಹಾಗಂದ್ಯಾ?" ಎಂದು ಮೆಲ್ಲಗೆ ಕೇಳಿದಳು. ಉಸಿರಿನಷ್ಟು ಸಣ್ಣ ದನಿ, ಆದರೆ ಎಲ್ಲರಿಗೂ ಕೇಳಿಸಿತು. ಮೇಷ್ಟ್ರು ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸುತ್ತಾ, "ನಾನೂ ನಕ್ಕೆನಲ್ಲಮ್ಮ. ನಗಬಾರದಿತ್ತು. ಕರ್ಕೊಂಡು ಬಾ," ಎಂದರು.

ಅಮ್ಮ ತರಗತಿಗೆ ಬರಲಿಲ್ಲ. ಮಗಳು ಬಲವಂತ ಮಾಡುವ ಹಕ್ಕು ಉಳಿಸಿಕೊಂಡಿರಲಿಲ್ಲ. ಬದಲಿಗೆ ಬೆಳಗ್ಗೆ, ಅಪ್ಪ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸುತ್ತಿರುವಾಗ, ಇಬ್ಬರೂ ಊಟದ ಮೇಜಿಗೆ ಕೂತರು. ಅಮ್ಮ ಪ್ರಶ್ನೆ ಕೇಳುವ ಮುಂಚೆ ಈಗ ಒಂದು ಕ್ಷಣ ತಡೆಯುತ್ತಿದ್ದಳು. "ದಡ್ಡ ಪ್ರಶ್ನೆ ಇರಬಹುದು, ಆದರೂ..." ಎಂದು ಶುರುಮಾಡುತ್ತಿದ್ದಳು. "ದಡ್ಡ ಅಲ್ಲಮ್ಮ, ಕೇಳು," ಎಂದು ಮಗಳು ಎಷ್ಟು ಸಲ ಹೇಳಿದರೂ ಆ ತಡೆ ಹೋಗಲೇ ಇಲ್ಲ.

ಫಲಿತಾಂಶ ಬಂತು. ಮಗಳಿಗೆ ಒಳ್ಳೆಯ ಅಂಕ. ಅಮ್ಮ ಕೂದಲೆಳೆಯಲ್ಲಿ ಫೇಲಾಗಿದ್ದಳು. ಪಕ್ಕದ ಮನೆಯಾಕೆ ಮಗಳ ಬೆನ್ನು ತಟ್ಟಿ, "ಅಮ್ಮಂಗೂ ಸ್ವಲ್ಪ ಹೇಳ್ಕೊಡಬಾರದಿತ್ತಾ?" ಎಂದು ತಮಾಷೆ ಮಾಡಿದಳು. "ಅವಳು ಹೇಳ್ಕೊಟ್ಟಳು ಕಣ್ರೀ, ನನ್ನ ತಲೆಗೇ ಹತ್ತಲಿಲ್ಲ," ಎಂದಳು ಅಮ್ಮ ತಟ್ಟನೆ. ಮಗಳು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಳು.

ಅಮ್ಮ ಮತ್ತೆ ಕಟ್ಟಿದಳು. ಸಂಜೆಯ ಅದೇ ಪಾಠ, ಹೊಸ ಹುಡುಗ ಹುಡುಗಿಯರು. ಮೊದಲ ದಿನ ಮಗಳು ಚಪ್ಪಲಿ ಮೆಟ್ಟಿಕೊಂಡು, "ನಾನೂ ಬರ್ತೀನಿ. ಪಕ್ಕದಲ್ಲೇ ಕೂರ್ತೀನಿ," ಎಂದಳು.

"ಬೇಡ ಪುಟ್ಟಿ, ನಿಂಗೆ ನಿನ್ನ ಓದು ಇದೆ."

"ಮತ್ತೆ ಯಾರಾದರೂ ನಕ್ಕರೆ?"

ಅಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡಳು. "ನಗ್ಲಿ ಬಿಡು. ಅವರು ಯಾರೋ ಮಕ್ಕಳು. ಅವರು ನಕ್ಕರೆ ನಂಗೇನೂ ಆಗಲ್ಲ."

ಅವಳ ದನಿಯಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಮಗಳು ಬಾಗಿಲಲ್ಲೇ ನಿಂತು, ಅಮ್ಮ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಬಹಳ ಹೊತ್ತು ಚಪ್ಪಲಿ ಬಿಡಲಿಲ್ಲ.